ಅಕ್ಷರವೇ ಪ್ರದರ್ಶನವಾದಾಗ

ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ, ಮೇಲಿನಿಂದ ನೀರು ಹರಿಯುವಂತೆ ಕಟ್ಟಿದ 100 ಅಡಿ ಉದ್ದದ ಕಲ್ಲುಗೋಡೆಯೊಂದಿದೆ. ಅದರ ತುಂಬ ಬರೀ ಅಕ್ಷರ. 1848ರ ಜುಲೈನಲ್ಲಿ ಅಲ್ಲಿ ಸೇರಿದ್ದ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆಯನ್ನೂ ಅದಕ್ಕೆ ಸಹಿ ಹಾಕಿದ 68 ಹೆಂಗಸರು, 32 ಗಂಡಸರ ಹೆಸರುಗಳನ್ನೂ ಕೊರೆದಿದ್ದಾರೆ. ಘೋಷಣೆಯ ಮೂಲ ಹಸ್ತಪ್ರತಿ ಇಂದಿಗೂ ಸಿಕ್ಕಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್ ತಮ್ಮ ರೋಚೆಸ್ಟರ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ಪುಸ್ತಿಕೆ ಮಾತ್ರ ಉಳಿದುಕೊಂಡಿದೆ.

ಮಹಿಳಾ ಹಕ್ಕಿನ ಚರಿತ್ರೆಯನ್ನು ಪ್ರದರ್ಶನಕ್ಕಿಡಲು ಹೊರಟವರ ಕಷ್ಟ ಇಲ್ಲೇ ಶುರು. ಕೈಗೆ ಸಿಗುವುದೆಲ್ಲ ಕಾಗದ: ಅರ್ಜಿ, ಕರಪತ್ರ, ಪತ್ರಿಕೆಯ ತುಣುಕು. ಹಳೆಯ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳ ರೂಢಿ. ಮಬ್ಬು ಬೆಳಕಿನಲ್ಲಿ, ಗಾಜಿನಾಚೆಗಿನ ಸಣ್ಣಕ್ಷರವನ್ನು ಯಾರು ನಿಂತು ಓದುತ್ತಾರೆ? ಹಾಗಾಗಿ ಮುಖ್ಯವಾದ ಸಾಲುಗಳನ್ನು ಗೋಡೆಯಷ್ಟು ದೊಡ್ಡದು ಮಾಡಲೇಬೇಕು. ಆಗ ಅಕ್ಷರದ ಆಕಾರವೂ ಮಾತಾಡತೊಡಗುತ್ತದೆ. ಹೆಂಗಸರ ವಿಷಯವೆಂದು ಬಳ್ಳಿ ಬಳ್ಳಿಯ ಫಾಂಟು, ಗುಲಾಬಿ ಬಣ್ಣ ಹಚ್ಚುವ ಚಟ ಹಲವರಿಗಿದೆ. ಅದು ಚರಿತ್ರೆಗೆ ಮಾಡುವ ಅನ್ಯಾಯ.

ಹೋರಾಟಗಾರ್ತಿಯರೇ ಈ ವಿಷಯದಲ್ಲಿ ಜಾಣರಿದ್ದರು. 1908ರ ಜೂನ್‌ನಲ್ಲಿ ಲಂಡನ್‌ನಲ್ಲಿ ನಡೆದ ಮತಾಧಿಕಾರದ ಮೆರವಣಿಗೆಗೆ ಬ್ಯಾನರುಗಳನ್ನು ರೂಪಿಸಿದ ಮೇರಿ ಲೌಂಡ್ಸ್, ಬಣ್ಣದ ಗಾಜಿನ ಕಿಟಕಿಗಳನ್ನು ಮಾಡುವ ಕಲಾವಿದೆ. ದೂರದಿಂದ ಯಾವುದು ಎದ್ದು ಕಾಣುತ್ತದೆಂದು ಅಂಥವರಿಗೆ ಹೇಳಿಕೊಡಬೇಕಿರಲಿಲ್ಲ. 1917ರ ಜನವರಿಯಿಂದ ವಾಷಿಂಗ್ಟನ್‌ನ ಶ್ವೇತಭವನದೆದುರು ತುಟಿ ಬಿಚ್ಚದೆ ನಿಂತ ಮಹಿಳೆಯರ ಬ್ಯಾನರುಗಳಲ್ಲಿ ಅಲಂಕಾರವಿರಲಿಲ್ಲ. ದಪ್ಪಕ್ಷರದಲ್ಲಿ ಅಧ್ಯಕ್ಷರಿಗೆ ನೇರ ಪ್ರಶ್ನೆ. ಆಗಿನ ಫೋಟೊಗಳಲ್ಲಿ ಮುಖಕ್ಕಿಂತ ಮೊದಲು ಕಾಣುವುದು ಆ ಬರಹವೇ.

ಅಚ್ಚಿನ ಮೊಳೆ ಜೋಡಿಸಿದವರ ಕಥೆಯನ್ನು ಮಾತ್ರ ಇಂಥ ಪ್ರದರ್ಶನಗಳು ಸುಲಭವಾಗಿ ಮರೆಯುತ್ತವೆ. 1860ರಲ್ಲಿ ಎಮಿಲಿ ಫೇಯ್ತ್‌ಫುಲ್ ಲಂಡನ್‌ನಲ್ಲಿ ವಿಕ್ಟೋರಿಯಾ ಪ್ರೆಸ್ ತೆರೆದು ಹೆಣ್ಣುಮಕ್ಕಳಿಗೆ ಕಂಪೋಸಿಂಗ್ ಕಲಿಸಿದರು. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಹಿಡಿದು, ಬಲಗೈಯಿಂದ ಖಾನೆಖಾನೆಯ ಮೊಳೆ ಹೆಕ್ಕಿ, ತಿರುಗುಮುರುಗಾದ ಅಕ್ಷರಗಳನ್ನು ಸಾಲುಗೂಡಿಸುವ ಈ ಕೆಲಸವನ್ನು ಗಂಡಸರು ತಮ್ಮದೆಂದೇ ತಿಳಿದಿದ್ದರು. ವಿರೋಧ ಜೋರಾಗಿಯೇ ಬಂತು. 1868ರಲ್ಲಿ ನ್ಯೂಯಾರ್ಕಿನ ಅಗಸ್ಟಾ ಲೂಯಿಸ್ ಮೊಳೆ ಜೋಡಿಸುವ ಹೆಂಗಸರದ್ದೇ ಒಂದು ಸಂಘ ಕಟ್ಟಿದರು. ಮರುವರ್ಷ ಗಂಡಸರ ರಾಷ್ಟ್ರೀಯ ಸಂಘವೂ ಅವರಿಗೆ ಬಾಗಿಲು ತೆರೆಯಿತು. ಗೋಡೆ ತುಂಬ ಘೋಷಣೆ ಬರೆದು, ಪಕ್ಕದಲ್ಲಿ ಒಂದು ಮೊಳೆಪೆಟ್ಟಿಗೆಯನ್ನೂ ಇಡದ ಪ್ರದರ್ಶನ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ನಮ್ಮಲ್ಲಿ ದೆಹಲಿಯ ಜುಬಾನ್ ಪ್ರಕಾಶನ ದೇಶದ ಮಹಿಳಾ ಚಳವಳಿಯ ಪೋಸ್ಟರುಗಳನ್ನು ಕಲೆಹಾಕಿ ಪ್ರದರ್ಶಿಸಿದೆ. ಕನ್ನಡದಲ್ಲಿ ಅಂಥದ್ದೊಂದು ಆಗುವುದಾದರೆ ನಂಜನಗೂಡು ತಿರುಮಲಾಂಬ ಅವರಿಂದ ಶುರುಮಾಡಬಹುದು. ಬಾಲವಿಧವೆಯಾಗಿದ್ದ ಅವರು ‘ಸತಿ ಹಿತೈಷಿಣಿ’ ಗ್ರಂಥಮಾಲೆ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದವರು. ಹಳೆಯ ಮಹಿಳಾ ಪತ್ರಿಕೆ, ಸಂಘದ ಕರಪತ್ರ, ಮೆರವಣಿಗೆಯ ಪೋಸ್ಟರು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ತಲುಪಿಸಿ.