ಗುರಿ ಅಭ್ಯಾಸದ .22 ರೈಫಲ್‌ಗೆ ಮಿತವ್ಯಯದ ಹಾಗೂ ನಿಖರವಾದ ಮದ್ದುಗುಂಡು: ಅರ್ಜಿದಾರರಿಗೆ ಮಾಹಿತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಗುರಿ ಅಭ್ಯಾಸದ ಕ್ರೀಡೆಗೆ .22 ರೈಫಲ್ ಹಾಗೂ ಮದ್ದುಗುಂಡು ಪಡೆಯಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಎನ್.ಸಿ.ಸಿ. ಶಿಬಿರದಲ್ಲಿ ‘ಟೂ ಟೂ’ ರೈಫಲ್ ಹಿಡಿದವರಿಗೆ ಇದು ಹೊಸ ವಸ್ತುವಲ್ಲ. ಆದರೆ ಶಿಬಿರದಲ್ಲಿ ಗುಂಡನ್ನು ಸರ್ಕಾರ ಕೊಡುತ್ತದೆ. ಸ್ವಂತ ಅಭ್ಯಾಸದಲ್ಲಿ ಪ್ರತಿ ಗುಂಡಿನ ವೆಚ್ಚವೂ ಅರ್ಜಿದಾರರದೇ, ಮತ್ತು ರೈಫಲ್ ಒಮ್ಮೆ ಕೊಂಡರೆ ಮುಗಿಯಿತು, ಗುಂಡಿನ ವೆಚ್ಚ ವರ್ಷವರ್ಷವೂ ಬರುತ್ತದೆ.

ಮೊದಲಿಗೆ ಕಾನೂನಿನ ಅಂಶ. ಆಯುಧ ಅಧಿನಿಯಮ, 1959ರ ಕಲಂ 3ರ ಪ್ರಕಾರ ರೈಫಲ್‌ಗೆ ಇರುವಂತೆಯೇ ಮದ್ದುಗುಂಡಿಗೂ ಪರವಾನಗಿ ಕಡ್ಡಾಯ. ಪರವಾನಗಿ ನೀಡುವ ಪ್ರಾಧಿಕಾರಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಹೊಸಪೇಟೆಯಲ್ಲಿರುವ ವಿಜಯನಗರ ಜಿಲ್ಲಾಧಿಕಾರಿಗಳು. ವೈಯಕ್ತಿಕ ಅರ್ಜಿಯನ್ನು ಆಯುಧ ನಿಯಮಗಳು, 2016ರ ನಮೂನೆ ಎ-1ರಲ್ಲಿ ಸಲ್ಲಿಸತಕ್ಕದ್ದು. ಸದರಿ ಅಧಿನಿಯಮದ ಕಲಂ 13(3) ಅನ್ವಯ, ಕೇಂದ್ರ ಸರ್ಕಾರದಿಂದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ರೈಫಲ್ ಸಂಸ್ಥೆಯ ಸದಸ್ಯರು ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಕೋರಿದಾಗ ಅವರ ಅರ್ಜಿ ಪ್ರತ್ಯೇಕ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಸದಸ್ಯತ್ವ ಮೊದಲು, ಅರ್ಜಿ ಆನಂತರ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯು ಭಾರತ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಸಂಯೋಜಿತವಾಗಿದೆ. ಸೇರಲಿರುವ ಕ್ಲಬ್ ಈ ಸರಣಿಯಲ್ಲಿ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಕೇಳಿ ತಿಳಿಯುವುದು ಸೂಕ್ತ.

ಬೆಳೆ ರಕ್ಷಣೆಗೆಂದು ಮನೆಯಲ್ಲಿ ಈಗಾಗಲೇ ಬಂದೂಕು ಇರುವವರಿಗೆ ಒಂದು ಮಾತು. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಆದರೆ ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಬಳಸುವ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯರಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಕಲಂ 3(3) ಹೇಳುತ್ತದೆ. ಹಾಗೆಯೇ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ .22 ಗುಂಡು ಕೊಳ್ಳಲು ಬರುವುದಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಹರಪನಹಳ್ಳಿಯ ಹಳೆಯ ಪರವಾನಗಿದಾರರು ತಮ್ಮ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ಒಳಿತು. ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ತರುವಾಯ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಬೇರೆ ಜಿಲ್ಲೆಯ ಮೊಹರಿರುವ ಪರವಾನಗಿಯಾದಲ್ಲಿ, ಕಡತ ಎಲ್ಲಿದೆ, ವಿಶಿಷ್ಟ ಗುರುತಿನ ಸಂಖ್ಯೆ ದಾಖಲಾಗಿದೆಯೇ ಎಂಬುದನ್ನು ನವೀಕರಣದ ಅವಧಿಗೆ ಮುಂಚೆಯೇ ಖಚಿತಪಡಿಸಿಕೊಳ್ಳತಕ್ಕದ್ದು.

ಪರವಾನಗಿಯಲ್ಲಿ ಮದ್ದುಗುಂಡಿಗೆ ಸಂಬಂಧಿಸಿ ಎರಡು ಅಂಕಿಗಳು ಇರುತ್ತವೆ: ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು. ಅಭ್ಯಾಸದ ಲೆಕ್ಕ ಹಾಕದೆ ಅರ್ಜಿ ಸಲ್ಲಿಸಿದರೆ ಮುಂದೆ ತೊಂದರೆಯಾಗುತ್ತದೆ. ವಾರಕ್ಕೆ ಒಂದು ದಿನ 60 ಗುಂಡು, ಅದಕ್ಕೂ ಮೊದಲು ದೃಷ್ಟಿ ಸರಿಪಡಿಸಿಕೊಳ್ಳಲು 10, ಹೀಗೆ 48 ವಾರಕ್ಕೆ 3,360 ಗುಂಡುಗಳು ಬೇಕು. 50ರ ಪೆಟ್ಟಿಗೆಯಂತೆ 68 ಪೆಟ್ಟಿಗೆಗಳು. ಕ್ರೀಡಾಪಟುಗಳು ಅಭ್ಯಾಸಕ್ಕೆ ಕೊಳ್ಳಬಹುದಾದ ಪ್ರಮಾಣವನ್ನು ಕೇಂದ್ರ ಗೃಹ ಸಚಿವಾಲಯವು 2020ರ ಫೆಬ್ರವರಿಯ ಅಧಿಸೂಚನೆಯಲ್ಲಿ ಹೆಚ್ಚಿಸಿದೆ. ತಮ್ಮ ವರ್ಗಕ್ಕೆ ಅನ್ವಯಿಸುವ ಪ್ರಮಾಣವನ್ನು ಕ್ಲಬ್ಬಿನ ಪತ್ರದೊಂದಿಗೆ ಅರ್ಜಿಯಲ್ಲೇ ಕೋರಬೇಕು. ಚಿಲ್ಲರೆಯಾಗಿ ಎರಡೆರಡು ಪೆಟ್ಟಿಗೆ ಕೊಳ್ಳುವವರಿಗೆ ಅಗ್ಗದ ದರವೂ ಇಲ್ಲ, ಒಂದೇ ತಯಾರಿಕಾ ತಂಡದ ಗುಂಡೂ ಸಿಗದು.

ಇಲ್ಲಿ ‘ತಂಡ’ ಅಥವಾ ಲಾಟ್ ಎಂಬುದೇ ಮುಖ್ಯ. .22 ಕಾಡತೂಸಿನಲ್ಲಿ ಸಿಡಿಯುವ ಮಸಾಲೆ ಹಿತ್ತಾಳೆಯ ತಳದ ಅಂಚಿನೊಳಗೆ ಇರುತ್ತದೆ. ಅದಕ್ಕೇ ರಿಮ್‌ಫೈರ್ ಎಂಬ ಹೆಸರು. ಖಾಲಿ ಕೋಶವನ್ನು ಮತ್ತೆ ತುಂಬಿ ಬಳಸಲು ಬಾರದು, ಆದ್ದರಿಂದ ಆ ದಾರಿಯಲ್ಲಿ ಉಳಿತಾಯವಿಲ್ಲ. ಮಸಾಲೆ ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ ಗುಂಡಿನ ವೇಗ ಏರುಪೇರಾಗುತ್ತದೆ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 8 ಮಿ.ಮೀ. ಮೇಲೆ ಅಥವಾ ಕೆಳಗೆ ಬೀಳುತ್ತದೆ.

ಈ 8 ಮಿ.ಮೀ. ಏಕೆ ದೊಡ್ಡದು? 50 ಮೀಟರ್ ಗುರಿ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಗುಂಡಿನ ವ್ಯಾಸ 5.6 ಮಿ.ಮೀ. ಗುಂಡು ಗೆರೆಯನ್ನು ಮುಟ್ಟಿದರೂ ಹತ್ತು ದೊರೆಯುವುದರಿಂದ ಗುಂಡಿನ ಮಧ್ಯಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿರಬೇಕು. ಅಂದರೆ ರೈಫಲನ್ನು ಅಲುಗಾಡದಂತೆ ಬಿಗಿದು ಹಾರಿಸಿದಾಗ ಹತ್ತು ಗುಂಡುಗಳ ಗುಂಪು, ಮಧ್ಯದಿಂದ ಮಧ್ಯಕ್ಕೆ, 16 ಮಿ.ಮೀ. ಮೀರಬಾರದು. 25 ಮಿ.ಮೀ. ಹರಡುವ ಗುಂಡಿನಲ್ಲಿ ಅಭ್ಯಾಸ ಮಾಡುವವರಿಗೆ ಒಂಬತ್ತು ಬಿದ್ದದ್ದು ತಮ್ಮ ಕೈಯ ದೋಷವೋ ಗುಂಡಿನ ದೋಷವೋ ತಿಳಿಯುವುದೇ ಇಲ್ಲ. ಸರಿಯಿದ್ದ ಹಿಡಿತವನ್ನು ತಿದ್ದಿ ಕೆಡಿಸಿಕೊಳ್ಳುವುದು ಹೀಗೆಯೇ.

ಆದ್ದರಿಂದ ಅಗ್ಗದ ಗುಂಡು ಬೇಡವೆಂದಲ್ಲ. ಮಲಗಿ ಹೊಡೆಯುವ ಭಂಗಿಯಲ್ಲಿ ಗುಂಡಿನ ಗುಣ ಬೇಗ ಕಾಣುತ್ತದೆ. ನಿಂತು ಹೊಡೆಯುವ ಹೊಸಬರ ಮೈ ಅಲುಗಾಟವೇ ಹೆಚ್ಚಿರುವುದರಿಂದ ಅವರಿಗೆ ಸಾಧಾರಣ ಗುಂಡು ಸಾಕು. ಲೆಕ್ಕಕ್ಕಾಗಿ ಮಾತ್ರ, ಸಾಧಾರಣ ಗುಂಡಿಗೆ 15 ರೂ., ಸ್ಪರ್ಧೆಯ ಗುಂಡಿಗೆ 25 ರೂ. ಎಂದು ಭಾವಿಸೋಣ. 3,360 ಗುಂಡುಗಳಿಗೆ ಕ್ರಮವಾಗಿ 50,400 ಮತ್ತು 84,000 ರೂ. ಆಗುತ್ತದೆ. 2,660 ಸಾಧಾರಣ, ಸ್ಪರ್ಧೆಗೆ ಮುನ್ನ 700 ಉತ್ತಮ ಗುಂಡು ಎಂದು ಹಂಚಿದರೆ 57,400 ರೂ.

ದೇಶೀಯ .22 ಗುಂಡು ಪುಣೆ ಬಳಿಯ ಖಡ್ಕಿ ಮದ್ದುಗುಂಡು ಕಾರ್ಖಾನೆಯದು. 2021ರ ಅಕ್ಟೋಬರ್ 1ರಿಂದ ಇದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಧೀನದಲ್ಲಿದೆ. ಆರಂಭದ ಅಭ್ಯಾಸಕ್ಕೆ ಇದನ್ನೇ ಮೊದಲು ಪರೀಕ್ಷಿಸುವುದು ಯುಕ್ತ. ವಿದೇಶದ್ದರಲ್ಲಿ ಇಂಗ್ಲೆಂಡಿನ ಈಲಿ, ಜರ್ಮನಿಯ ಆರ್.ಡಬ್ಲ್ಯೂ.ಎಸ್. ಹಾಗೂ ಎಸ್.ಕೆ., ಫಿನ್ಲೆಂಡಿನ ಲಾಪುವಾ ಹೆಸರುಗಳು ಪರಿಚಿತ. ಇವುಗಳಲ್ಲಿಯೂ ಅಭ್ಯಾಸದ ದರ್ಜೆ, ಸ್ಪರ್ಧೆಯ ದರ್ಜೆ ಎಂದು ಬೇರೆ ಬೇರೆ ಇವೆ. ರಾಷ್ಟ್ರೀಯ ರೈಫಲ್ ಸಂಸ್ಥೆಯು ಆಮದು ಮಾಡಿಕೊಂಡು ವಿತರಿಸುವ ಗುಂಡಿಗೆ ಕ್ಲಬ್ಬಿನ ಮೂಲಕ ಬೇಡಿಕೆ ಸಲ್ಲಿಸುವುದು ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಲಾಭಕರ.

ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಲಾಟ್ ಸಂಖ್ಯೆಯನ್ನು ನೋಡಬೇಕು. ಒಂದು ರೈಫಲ್‌ಗೆ ಒಪ್ಪಿದ ಲಾಟ್ ಪಕ್ಕದ ರೈಫಲ್‌ಗೆ ಒಪ್ಪದಿರಬಹುದು. ಮೂರು ನಾಲ್ಕು ಲಾಟ್‌ಗಳಿಂದ ಒಂದೊಂದು ಪೆಟ್ಟಿಗೆ ತಂದು, ತಲಾ ಹತ್ತರಂತೆ ನಾಲ್ಕು ಗುಂಪು ಹಾರಿಸಿ ಅಳೆಯಬೇಕು. ಬ್ರಾಂಡ್ ಬದಲಿಸಿದಾಗ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ನಳಿಕೆಯೊಳಗೆ ಹಿಂದಿನ ಗುಂಡಿನ ಮೇಣ ಉಳಿದಿರುತ್ತದೆ. ಒಪ್ಪಿದ ಲಾಟ್ ಸಿಕ್ಕೊಡನೆ ಪರವಾನಗಿಯ ಮಿತಿಯೊಳಗೆ ಒಟ್ಟಿಗೆ ಕೊಳ್ಳುವುದು ಲೇಸು. ಹೆಚ್ಚು ವೇಗದ ಗುಂಡು ಉತ್ತಮವೆಂಬ ಭಾವನೆ ತಪ್ಪು. ಶಬ್ದದ ವೇಗವನ್ನು ದಾಟಿ ಮತ್ತೆ ಕೆಳಗಿಳಿಯುವ ಗುಂಡು ದಾರಿಯಲ್ಲಿ ಕದಡುತ್ತದೆ. ಗುರಿ ಅಭ್ಯಾಸಕ್ಕೆ ಶಬ್ದದ ವೇಗಕ್ಕಿಂತ ಕಡಿಮೆಯ ಗುಂಡೇ ಸರಿ.

ಗುಂಡಿನ ಮೇಲಿನ ಮೇಣ ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿಗೆ ಕರಗುತ್ತದೆ. ತಗಡಿನ ಮಾಡಿನ ಕೆಳಗೆ, ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆ ಇಡಬಾರದು. ತಂಪಾದ, ಒಣಗಿದ, ಬೀಗವಿರುವ ಕಪಾಟು ಬೇಕು.

ಇಷ್ಟಾದರೂ ವೆಚ್ಚ ಭಾರವೆನಿಸುವವರಿಗೆ ಏರ್ ರೈಫಲ್ ಇದೆ. 2016ರ ನಿಯಮಗಳಲ್ಲಿ ಹೇಳಿರುವ ಶಕ್ತಿ (20 ಜೂಲ್) ಹಾಗೂ ವ್ಯಾಸದ ಮಿತಿಯೊಳಗಿನ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಗುಂಡಿಲ್ಲದೆ ಕುದುರೆ ಎಳೆಯುವ ಅಭ್ಯಾಸಕ್ಕೆ ಖರ್ಚೇ ಇಲ್ಲ, ಆದರೆ .22 ರೈಫಲ್‌ನಲ್ಲಿ ಇದನ್ನು ತಯಾರಕರ ಸೂಚನೆ ಇದ್ದಲ್ಲಿ ಮಾತ್ರ ಮಾಡಬೇಕು. ಕೆಲವು ರೈಫಲ್‌ಗಳಲ್ಲಿ ಪಿನ್ನು ನಳಿಕೆಯ ಅಂಚಿಗೆ ಬಡಿದು ಕೆಡುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಯ ಸ್ಪರ್ಧೆ .22 ರೈಫಲ್ಲಿನದೇ. 21 ವರ್ಷ ತುಂಬದವರು ನಿಯಮಗಳಲ್ಲಿ ಸೂಚಿಸಿರುವ ಷರತ್ತುಗಳಿಗೆ ಒಳಪಟ್ಟು ತರಬೇತಿಯಲ್ಲಿ ಮಾತ್ರ ಬಂದೂಕು ಬಳಸಬಹುದು.

ಉಳಿದ ಗುಂಡನ್ನು ಸ್ನೇಹಿತರಿಗೆ ಕೊಡುವುದು, ಬಿಲ್ಲಿಲ್ಲದೆ ಅಗ್ಗಕ್ಕೆ ಕೊಳ್ಳುವುದು ಅಪರಾಧ. ಪರವಾನಗಿ ಇಲ್ಲದೆ ಮದ್ದುಗುಂಡು ಹೊಂದಿದ್ದಲ್ಲಿ 2ರಿಂದ 5 ವರ್ಷಗಳ ಕಾರಾವಾಸ ಹಾಗೂ ದಂಡವಿದೆ. ಖರೀದಿಯನ್ನು ಪರವಾನಗಿ ಹೊಂದಿದ ವ್ಯಾಪಾರಿಯಲ್ಲೇ ಮಾಡಿ, ಪ್ರಮಾಣ ಮತ್ತು ದಿನಾಂಕವನ್ನು ಪರವಾನಗಿಯಲ್ಲಿ ನಮೂದಿಸಿಕೊಂಡ ಬಳಿಕವೇ ಅಂಗಡಿ ಬಿಡತಕ್ಕದ್ದು. ಬಿಲ್ಲಿನಲ್ಲಿ ಲಾಟ್ ಸಂಖ್ಯೆಯನ್ನೂ ಬರೆಸಿಕೊಂಡರೆ ಮುಂದಿನ ಖರೀದಿಗೆ ಅನುಕೂಲ.