ನಿಮಗಿದು ಗೊತ್ತೇ? ಹುಟ್ಟಿನ ಗುಟ್ಟು

ಕಯಾಕ್ ಕೊಳ್ಳಲು ಹೋದವರು ದೋಣಿಯ ಮುಂದೆ ಒಂದು ಗಂಟೆ ನಿಲ್ಲುತ್ತಾರೆ, ಪ್ಯಾಡಲ್ ಮುಂದೆ ಎರಡು ನಿಮಿಷ. ಲೆಕ್ಕ ತಲೆಕೆಳಗು. ದೋಣಿಯ ಭಾರ ಹೊರುವುದು ನೀರು. ಪ್ಯಾಡಲ್ ಭಾರ ಹೊರುವುದು ನಿಮ್ಮ ಹೆಗಲು.

ಎಷ್ಟು ಮಹಾ ಭಾರ ಅಂತೀರಾ? ಅಲ್ಯೂಮಿನಿಯಂ ಕೋಲಿಗೆ ಪ್ಲಾಸ್ಟಿಕ್ ಅಲಗು ಸಿಕ್ಕಿಸಿದ ಅಗ್ಗದ ಪ್ಯಾಡಲ್ ಸಾಮಾನ್ಯವಾಗಿ ಒಂದು ಕಿಲೋ ದಾಟುತ್ತದೆ. ಒಳ್ಳೆಯ ಕಾರ್ಬನ್ ಫೈಬರಿನದು 700 ಗ್ರಾಂ ಆಸುಪಾಸು. ವ್ಯತ್ಯಾಸ 300 ಗ್ರಾಂ ಅಂತಿಟ್ಟುಕೊಳ್ಳಿ, ಅಂದರೆ ನಾಲ್ಕು ಟೊಮೆಟೊ. ನಿಮಿಷಕ್ಕೆ 60 ಸಲ ಹುಟ್ಟು ಹಾಕಿದರೆ ಗಂಟೆಗೆ 3,600 ಸಲವಾಯಿತು. ಗುಣಿಸಿ ನೋಡಿ: 1,080 ಕಿಲೋ. ಗಂಟೆಗೊಂದು ಟನ್ ಟೊಮೆಟೊವನ್ನು ಸುಮ್ಮನೆ ಎತ್ತಿ ಇಳಿಸಿದ ಹಾಗೆ. ದುಡ್ಡು ಅಷ್ಟಿಷ್ಟೇ ಇದ್ದರೆ ದೋಣಿಯಲ್ಲಿ ಉಳಿಸಿ, ಪ್ಯಾಡಲ್‌ಗೆ ಹಾಕಿ ಎನ್ನುವುದು ನನ್ನ ಸಲಹೆ. ಹೆಂಡತಿ ಒಪ್ಪದಿದ್ದರೆ ಟೊಮೆಟೊ ಲೆಕ್ಕ ಹೇಳಿ.

ಪ್ಯಾಡಲ್‌ಗೆ ಕನ್ನಡದಲ್ಲಿ ‘ಹುಟ್ಟು’ ಎಂಬ ಚೆಂದದ ಮಾತಿದೆ. ಜನ್ಮಕ್ಕೂ ಅದೇ ಪದ, ದೋಣಿ ನಡೆಸುವ ಕೋಲಿಗೂ ಅದೇ. ಹಳೆಯ ನಿಘಂಟು ತೆರೆದರೆ ಇನ್ನೊಂದು ಅರ್ಥ ಸಿಗುತ್ತದೆ: ಮರದ ಸೌಟು. ಆಕಾರ ನೋಡಿದರೆ ತಪ್ಪೇನಿಲ್ಲ.

ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಯಾಕೆ? ಒಂದೇ ಪಕ್ಕದಲ್ಲಿ ಎಳೆದರೆ ದೋಣಿಯ ಮೂತಿ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಎಡಕ್ಕೊಂದು ಬಲಕ್ಕೊಂದು ಹಾಕಿದರೆ ನೇರ ಹೋಗುತ್ತದೆ. ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದವರು ಇದಕ್ಕೆ ಇನ್ನೊಂದು ಉತ್ತರ ಕಂಡಿರುತ್ತೀರಿ. ದುಂಡನೆಯ ಹರಿಗೋಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಪಕ್ಕದಲ್ಲಿ ಎಳೆದರೆ ಬುಗುರಿಯಂತೆ ಸುತ್ತುತ್ತದೆ. ಹಾಗಾಗಿ ಅಂಬಿಗ ಒಂಟಿ ಅಲಗಿನ ಹುಟ್ಟನ್ನು ತನ್ನ ಎದುರಿಗೇ ನೀರಿಗಿಳಿಸಿ ತನ್ನ ಕಡೆಗೆ ಸೆಳೆಯುತ್ತಾನೆ. ಪ್ರವಾಸಿಗರನ್ನು ಗಿರಗಿರ ತಿರುಗಿಸುವುದು ಅವನಿಗೆ ಸುಲಭದ ಕೆಲಸ. ನೇರ ಹೋಗುವುದೇ ವಿದ್ಯೆ.

ಕಯಾಕ್ ಹುಟ್ಟಿದ್ದು ಮರ ಸಿಗುವುದೇ ಅಪರೂಪವಾದ ಉತ್ತರ ಧ್ರುವದ ಸೀಮೆಯಲ್ಲಿ! ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರೂ ಸೀಲ್ ಚರ್ಮ ಹೊದಿಸಿದ ‘ಕಯಾಕ್’ ಕಟ್ಟಿದರು. ಹುಟ್ಟಿಗೆ ಮರ ಎಲ್ಲಿಂದ? ಸಮುದ್ರ ತಂದು ದಡಕ್ಕೆ ಹಾಕಿದ್ದು. ಅದರಲ್ಲಿ ಬಹುಪಾಲು ಸೈಬೀರಿಯಾದ ನದಿಗಳಲ್ಲಿ ತೇಲಿ, ಉತ್ತರ ಧ್ರುವ ಸಾಗರದ ಮಂಜುಗಡ್ಡೆಯ ಜೊತೆ ಸಾಗಿ ಬಂದ ದಿಮ್ಮಿಗಳು. ಅಷ್ಟು ದೂರದಿಂದ ಬಂದ ಮರವನ್ನು ದಂಡ ಮಾಡುವ ಹಾಗಿರಲಿಲ್ಲ. ಅಲಗು ಒಂದು ಅಂಗೈಯಲ್ಲಿ ಹಿಡಿಯುವಷ್ಟೇ ಅಗಲ. ಮಂಜುಗಡ್ಡೆಗೆ ತಾಗಿ ಸೀಳದಿರಲೆಂದು ತುದಿಗೆ ಮೂಳೆಯ ಕಟ್ಟು.

ಅವರ ಅಳತೆಪಟ್ಟಿ ಯಾವುದು ಗೊತ್ತೇ? ಸ್ವಂತ ಮೈ. ಎರಡೂ ಕೈ ಚಾಚಿದರೆ ಒಂದು ಮಾರು. ಅದಕ್ಕೆ ಬೆರಳ ತುದಿಯಿಂದ ಮೊಣಕೈವರೆಗಿನ ಒಂದು ಮೊಳ ಸೇರಿಸಿದರೆ ಹುಟ್ಟಿನ ಉದ್ದ. ಮಾರು, ಮೊಳ ನಮಗೂ ಹೊಸತಲ್ಲ. ಹೂ ಮಾರುವವಳಿಗೆ ಇವತ್ತಿಗೂ ಅದೇ ಅಳತೆ. ವ್ಯತ್ಯಾಸ ಇಷ್ಟೇ: ಹೂವಿನಂಗಡಿಯಲ್ಲಿ ಅವಳ ಮೊಳ, ಗ್ರೀನ್‌ಲ್ಯಾಂಡಿನಲ್ಲಿ ನಿಮ್ಮ ಮೊಳ.

ಇವತ್ತಿನ ಅಂಗಡಿಯಲ್ಲಿ ಸೆಂಟಿಮೀಟರು. ಪ್ರವಾಸದ ಕಯಾಕಿಗೆ ಹೆಚ್ಚಾಗಿ 210ರಿಂದ 240. ಬಂಡೆಗಳ ನಡುವೆ ಭೋರ್ಗರೆಯುವ ಹೊಳೆಯಲ್ಲಿ ಆಡುವವರದು 200ರ ಆಸುಪಾಸು. ಇಲ್ಲಿ ನೋಡಬೇಕಾದದ್ದು ನಿಮ್ಮ ಎತ್ತರವೊಂದನ್ನೇ ಅಲ್ಲ, ದೋಣಿಯ ಅಗಲವನ್ನೂ. 60 ಸೆಂ.ಮೀ. ಅಗಲದ ದೋಣಿಯಲ್ಲಿ ಸರಿಹೋದ 220ರ ಹುಟ್ಟು, 80 ಸೆಂ.ಮೀ. ಅಗಲದ ಬಾಡಿಗೆ ದೋಣಿಯಲ್ಲಿ ಅಂಚಿಗೆ ಗೆಣ್ಣು ತರಚುತ್ತದೆ.

‘ಉದ್ದ ಇದ್ದಷ್ಟೂ ಬಲ’ ಎನ್ನುವವರು ಸಿಗುತ್ತಾರೆ. ನಂಬಬೇಡಿ. ಉದ್ದದ ಹುಟ್ಟೆಂದರೆ ಸೈಕಲ್ಲಿನ ದೊಡ್ಡ ಗೇರು: ಒಂದೊಂದು ತುಳಿತವೂ ಭಾರ. ಜೊತೆಗೆ ಅಲಗು ದೋಣಿಯಿಂದ ದೂರ ಬೀಳುವುದರಿಂದ ಪ್ರತಿ ಸಲವೂ ಮೂತಿ ಅತ್ತಿತ್ತ ಅಲೆಯುತ್ತದೆ. ಅಲಗಿನ ಅಗಲಕ್ಕೂ ಇದೇ ಮಾತು. ದೊಡ್ಡ ಅಲಗು ಗಟ್ಟಿ ತೋಳಿಗೆ, ಗಡಿಬಿಡಿಯ ಓಟಕ್ಕೆ. ದಿನವಿಡೀ ತಿರುಗಾಡುವವರಿಗೆ ಸಣ್ಣದೇ ಸುಖ.

ಈಗ ನನ್ನ ಮಾನ ಕಳೆದ ಪ್ರಸಂಗ. ಸಾಸ್ತಾನದ ಬಳಿ ಸೀತಾನದಿಯ ಹಿನ್ನೀರು, ಎರಡೂ ಕಡೆ ಕಾಂಡ್ಲಾ ಗಿಡಗಳು, ಬೆಳಗ್ಗೆ ಏಳು ಗಂಟೆ. ಅರ್ಧ ಗಂಟೆಯಿಂದ ಹುಟ್ಟು ಹಾಕುತ್ತಿದ್ದೇನೆ, ದೋಣಿ ಒಲ್ಲದ ಎಮ್ಮೆಯಂತೆ ಹೆಜ್ಜೆ ಕಿತ್ತಿಡುತ್ತಿದೆ. ಜೊತೆಗಿದ್ದ ಹುಡುಗ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ, “ಹುಟ್ ಉಲ್ಟಾ ಹಿಡ್ಕಂಡಿರಿ ಮಾರಾಯ್ರೆ.” ಉಲ್ಟಾ ಎಂದರೆ ಎರಡು ರೀತಿಯಲ್ಲೂ ಉಲ್ಟಾ. ಸೌಟಿನಂತೆ ತುಸು ಒಳಬಾಗಿದ ಮೈ ನಮ್ಮ ಕಡೆ ಇರಬೇಕು, ನನ್ನದು ಮುಂದಕ್ಕಿತ್ತು. ಅಲಗಿನ ಉದ್ದದ ಅಂಚು ಮೇಲಿರಬೇಕು, ನನ್ನದು ಕೆಳಗಿತ್ತು. ಕಂಪನಿಯ ಹೆಸರು ತಲೆಕೆಳಗಾಗಿ ಕಾಣುತ್ತಿದ್ದರೆ ನೀವೂ ಬಹುಶಃ ಅದೇ ತಪ್ಪು ಮಾಡಿದ್ದೀರಿ ಅಂತ ತಿಳಿಯಿರಿ.

ಅಲಗಿನ ಒಂದು ಅಂಚು ಉದ್ದ, ಒಂದು ಗಿಡ್ಡ ಯಾಕೆ? ಹುಟ್ಟು ನೀರಿಗೆ ಓರೆಯಾಗಿ ಇಳಿಯುತ್ತದೆ. ಎರಡೂ ಅಂಚು ಸಮನಾಗಿದ್ದರೆ ಕೆಳಗಿನ ಭಾಗ ಮೊದಲು ಮುಳುಗಿ, ಹೆಚ್ಚು ನೀರು ತಗುಲಿ, ಕೋಲು ಕೈಯಲ್ಲೇ ತಿರುಚಿಕೊಳ್ಳುತ್ತದೆ. ಕೆಳ ಅಂಚನ್ನು ಕತ್ತರಿಸಿ ಗಿಡ್ಡ ಮಾಡಿದರೆ ನಡುಗೆರೆಯ ಎರಡೂ ಬದಿಗೆ ನೀರಿನ ಒತ್ತಡ ಸಮ. ಹಲವು ಅಲಗುಗಳ ನಡುವೆ ಉದ್ದಕ್ಕೂ ಏಣೊಂದು ಇರುತ್ತದೆ, ಮಾವಿನೆಲೆಯ ನಡುನರದ ಹಾಗೆ. ಅದು ನೀರನ್ನು ಎರಡೂ ಕಡೆ ಸರಿಯಾಗಿ ಪಾಲು ಮಾಡಿ, ಅಲಗು ನಡುಗದಂತೆ ನೋಡಿಕೊಳ್ಳುತ್ತದೆ.

ಕೋಲಿನ ಎರಡು ಕಡೆ ಇರುವ ರಬ್ಬರ್ ಬಳೆ ಅಲಂಕಾರಕ್ಕಲ್ಲ. ಮೇಲೆತ್ತಿದ ಅಲಗಿನಿಂದ ಜಾರಿ ಬರುವ ನೀರು ನಿಮ್ಮ ತೊಡೆಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಎರಡು ಅಲಗುಗಳೂ ಒಂದೇ ಮಟ್ಟದಲ್ಲಿರದೆ ತಿರುಚಿಕೊಂಡಿರುವ ಪ್ಯಾಡಲ್ ನೋಡಿದ್ದೀರಾ? ಕೆಟ್ಟು ಹೋಗಿದೆ ಅಂದುಕೊಂಡು ವಾಪಸ್ ಕೊಡಬೇಡಿ. ಇದನ್ನು ಫೆದರಿಂಗ್ ಎನ್ನುತ್ತಾರೆ. ಒಂದು ಅಲಗು ನೀರಲ್ಲಿರುವಾಗ ಗಾಳಿಯಲ್ಲಿರುವ ಇನ್ನೊಂದು ಅಲಗು ಎದುರುಗಾಳಿಯನ್ನು ಅಡ್ಡಗಟ್ಟದೆ ಚಾಕುವಿನಂತೆ ಸೀಳಲಿ ಎಂಬ ಉಪಾಯ. ಒಂದು ಕಾಲದಲ್ಲಿ 90 ಡಿಗ್ರಿ ತಿರುಚು ಮಾಮೂಲಾಗಿತ್ತು, ಈಗ ಅದರ ಅರ್ಧವೇ ಹೆಚ್ಚು. ಕಾರಣ ಮಣಿಕಟ್ಟು: ಪ್ರತಿ ಸಲವೂ ಅಷ್ಟು ಮಡಚಿ ಬಿಚ್ಚಿದರೆ ಸ್ನಾಯುರಜ್ಜು ಊದಿಕೊಳ್ಳಬಹುದು. ಹೊಸಬರು ಸೊನ್ನೆಯಿಂದ ಶುರು ಮಾಡಿದರೆ ಏನೂ ನಷ್ಟವಿಲ್ಲ. ಗ್ರೀನ್‌ಲ್ಯಾಂಡಿನವರ ಹುಟ್ಟಿಗೆ ಈ ತಿರುಚೇ ಇಲ್ಲ, ಅವರ ಗಾಳಿ ನಮ್ಮ ಗಾಳಿಗಿಂತ ಮೃದುವೇನಲ್ಲ.

ಹಿಡಿತ ಎಲ್ಲಿ? ಕೋಲನ್ನು ನೆತ್ತಿಯ ಮೇಲಿಡಿ, ಎರಡೂ ಮೊಣಕೈ ಗೋಡೆಯ ಮೂಲೆಯಂತೆ 90 ಡಿಗ್ರಿ ಆಗಲಿ. ಕೈ ಎಲ್ಲಿದೆಯೋ ಅಲ್ಲೇ ಹಿಡಿಯಿರಿ. ಬಿಗಿ ಎಷ್ಟು? ಚಕ್ಕುಲಿ ಹಿಡಿದಷ್ಟು.

ಕಲಿಯುವವರಿಗೆ ಅತಿ ಕಷ್ಟದ ಮಾತು ಇದು: ಹುಟ್ಟು ಹಾಕುವುದು ತೋಳಿನ ಕೆಲಸವಲ್ಲ. ಮೊಸರು ಕಡೆಯುವ ಅಜ್ಜಿಯನ್ನು ನೆನಪು ಮಾಡಿಕೊಳ್ಳಿ. ಹಗ್ಗದ ಒಂದು ತುದಿ ಬಂದರೆ ಇನ್ನೊಂದು ಹೋಗುತ್ತದೆ, ಭುಜಗಳು ಸರದಿಯಂತೆ ಹಿಂದೆ ಮುಂದೆ, ಸೊಂಟದಿಂದ ಮೇಲೆ ಇಡೀ ಮೈ ಹಿತವಾಗಿ ತಿರುಗುತ್ತಿರುತ್ತದೆ. ಬರೀ ಮೊಣಕೈಯಲ್ಲಿ ಕಡೆಯಲು ಕೂತ ಮೊಮ್ಮಗಳು ಐದು ನಿಮಿಷಕ್ಕೆ ಸುಸ್ತು, ಅಜ್ಜಿ ಬೆಣ್ಣೆ ಬರುವವರೆಗೂ ಮಾತಾಡುತ್ತಲೇ ಇರುತ್ತಾಳೆ. ಕಯಾಕಿನಲ್ಲೂ ಅಷ್ಟೇ. ಬಲಗಡೆ ಹಾಕುವಾಗ ಬಲ ಭುಜ ಮುಂದೆ ಹೋಗಿ, ಅಲಗು ಕಾಲ್ಬೆರಳ ಹತ್ತಿರ ಪೂರ್ತಿ ಮುಳುಗಬೇಕು. ಆಮೇಲಷ್ಟೇ ಮೈ ತಿರುಗಬೇಕು. ಅದೇ ಹೊತ್ತಿಗೆ ಬಲಗಾಲು ದೋಣಿಯೊಳಗಿನ ಮೆಟ್ಟನ್ನು ಒತ್ತಬೇಕು. ನಿಮ್ಮ ಬಲವೆಲ್ಲ ದೋಣಿಗೆ ದಾಟುವುದು ಆ ಪಾದದ ಮೂಲಕ.

ಸೊಂಟದ ನೇರಕ್ಕೆ ಬಂದೊಡನೆ ಅಲಗನ್ನು ಹೊರಗೆ ತೆಗೆಯಿರಿ. ಅಲ್ಲಿಂದಾಚೆ ಎಳೆದದ್ದು ನೀರನ್ನು ಮೇಲಕ್ಕೆ ಎತ್ತಿದಂತೆ, ದೋಣಿಯ ಹಿಂಭಾಗ ಕೂರುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ನಾನು ಎಮ್ಮೆ ಸವಾರಿ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಅಲಗು ನೀರನ್ನು ಹಿಂದಕ್ಕೆ ತಳ್ಳುತ್ತದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ. ಒಳ್ಳೆಯ ಹುಟ್ಟುಗಾರನ ಅಲಗು ನೀರಲ್ಲಿ ಹಿಂದಕ್ಕೆ ಸರಿಯುವುದು ತೀರಾ ಕಡಿಮೆ! ಅವನು ಅದನ್ನು ಗೂಟದಂತೆ ನೀರಿಗೆ ಊರಿ, ದೋಣಿಯನ್ನೇ ಅದರತ್ತ ಎಳೆದುಕೊಳ್ಳುತ್ತಾನೆ. ಪರೀಕ್ಷೆ ಬೇಕೆ? ಕಿವಿಗೊಡಿ. ಗುಳುಗುಳು ಸದ್ದು, ನೊರೆ ಗುಳ್ಳೆ ಎದ್ದರೆ ಅಲಗಿನ ಹಿಂದೆ ಗಾಳಿ ನುಗ್ಗಿದೆ, ಅಂದರೆ ಪೂರ್ತಿ ಮುಳುಗುವ ಮೊದಲೇ ಎಳೆದಿದ್ದೀರಿ. ಸದ್ದಿಲ್ಲದ ಹುಟ್ಟೇ ಬಲವಾದ ಹುಟ್ಟು.

ಅಲಗು ಹಿಂದಕ್ಕೆ ಜಾರುವುದನ್ನು ಇನ್ನಷ್ಟು ತಗ್ಗಿಸಲು 1980ರ ದಶಕದಲ್ಲಿ ಸ್ವೀಡನ್ನಿನಿಂದ ಬಂದದ್ದು ವಿಂಗ್ ಪ್ಯಾಡಲ್. ಅಲಗಿನ ಅಡ್ಡಕೊಯ್ತ ವಿಮಾನದ ರೆಕ್ಕೆಯಂತೆ. ನೇರ ಹಿಂದಕ್ಕೆ ಎಳೆಯದೆ ದೋಣಿಯಿಂದ ಓರೆಯಾಗಿ ಹೊರಕ್ಕೆ ಹೋಗಲು ಬಿಟ್ಟರೆ ರೆಕ್ಕೆಗೆ ಸಿಗುವ ಎತ್ತುಬಲವೇ ಇಲ್ಲಿ ಮುಂದಕ್ಕೆ ಒಯ್ಯುವ ಬಲ. ಕೆಲವೇ ವರ್ಷಗಳಲ್ಲಿ ಒಲಿಂಪಿಕ್ಸ್‌ನ ಕಯಾಕ್ ಓಟದಲ್ಲಿ ಚಪ್ಪಟೆ ಅಲಗು ಕಾಣೆಯಾಯಿತು. ಜರ್ಮನಿಯ ಬಿರ್ಗಿಟ್ ಫಿಶರ್ 1980ರ ಮಾಸ್ಕೋದಿಂದ 2004ರ ಅಥೆನ್ಸ್‌ವರೆಗೆ 8 ಒಲಿಂಪಿಕ್ ಚಿನ್ನ ಗೆದ್ದವರು, ಅಂದರೆ ಹಳೆಯ ಹುಟ್ಟಿನ ಕಾಲದಲ್ಲೂ ಹೊಸ ಹುಟ್ಟಿನ ಕಾಲದಲ್ಲೂ. ಪೂರ್ತಿ ಅಭ್ಯಾಸ ಬದಲಿಸಿಕೊಂಡು ಮತ್ತೆ ಗೆಲ್ಲುವುದಿದೆಯಲ್ಲ, ಪದಕಗಳಿಗಿಂತ ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಗೇಟುಗಳ ನಡುವೆ ನುಸುಳಿ ಹೋಗುವ ಸ್ಲಾಲಮ್ ಸ್ಪರ್ಧೆಯಲ್ಲಿ ಹುಟ್ಟಿನ ತುದಿ ಗೇಟಿನ ಕಂಬಕ್ಕೆ ಹಾಗೇ ಸವರಿದರೂ 2 ಸೆಕೆಂಡು ದಂಡ. ಗೇಟೇ ತಪ್ಪಿದರೆ 50.

ದೋಣಿ ಮಗುಚಿದರೆ? ಇನುಯಿಟ್ ಬೇಟೆಗಾರ ನೀರೊಳಗಿಂದಲೇ ಹುಟ್ಟು ಬೀಸಿ ದೋಣಿ ಸಮೇತ ಎದ್ದು ಕೂರುತ್ತಿದ್ದ. ಇದು ಆಟವಲ್ಲ, ಆ ನೀರಿನ ಚಳಿಗೆ ಬೇರೆ ದಾರಿಯಿರಲಿಲ್ಲ. ಆಸ್ಟ್ರಿಯಾದ ಹನ್ಸ್ ಪಾವ್ಲಾಟ ಗ್ರೀನ್‌ಲ್ಯಾಂಡಿಗೆ ಹೋಗದೆ, ಪುಸ್ತಕದಲ್ಲಿ ಓದಿಕೊಂಡೇ 1927ರಲ್ಲಿ ಇದನ್ನು ಸಾಧಿಸಿದ. ಇಂಗ್ಲೆಂಡಿನ ಗಿನೊ ವಾಟ್ಕಿನ್ಸ್ ಅಲ್ಲಿಗೇ ಹೋಗಿ ಬೇಟೆಗಾರರಿಂದ ಕಲಿತ. ಆದರೂ 1932ರ ಆಗಸ್ಟಿನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ಮರಳಲಿಲ್ಲ, ಖಾಲಿ ಕಯಾಕ್ ಮಾತ್ರ ತೇಲುತ್ತಿತ್ತು. ವಯಸ್ಸು 25.

ಮಗುಚಿದ ದೋಣಿಯನ್ನು ಎತ್ತುವುದು ಹುಟ್ಟಲ್ಲ, ಸೊಂಟದ ಒಂದು ಝಾಡಿಕೆ. ಹುಟ್ಟು ಕ್ಷಣಕಾಲದ ಆಸರೆ, ಅಷ್ಟೆ. ಗ್ರೀನ್‌ಲ್ಯಾಂಡಿನ ಪಂದ್ಯಗಳಲ್ಲಿ ಬರಿಗೈಯಲ್ಲೂ ಏಳುತ್ತಾರೆ, ಕೈಯಲ್ಲಿ ಭಾರದ ಕಲ್ಲು ಹಿಡಿದುಕೊಂಡೂ ಏಳುತ್ತಾರೆ. ಗುಟ್ಟೇನೆಂದರೆ ತಲೆ ಕೊನೆಗೆ ಬರಬೇಕು. ಉಸಿರಿಗಾಗಿ ಹಂಬಲಿಸಿ ತಲೆಯನ್ನು ಮೊದಲು ಎತ್ತಿದವರು ಮತ್ತೆ ಮುಳುಗುತ್ತಾರೆ.

1932ರಲ್ಲೇ ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಯುವಕ ಮಡಚುವ ಕಯಾಕ್ ಹಿಡಿದು ಉಲ್ಮ್ ಪಟ್ಟಣದಿಂದ ಡ್ಯಾನ್ಯೂಬ್ ನದಿಗಿಳಿದ. ಹುಟ್ಟಿನ ಜೊತೆ ಪುಟ್ಟ ಹಾಯಿ. ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿ ಸಿಲೋನ್ ಮುಟ್ಟಿದವನು, 1939ರಲ್ಲಿ ಆಸ್ಟ್ರೇಲಿಯಾದ ದ್ವೀಪ ತಲುಪುವ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಏಳು ವರ್ಷದ ಪಯಣಕ್ಕೆ ಸಿಕ್ಕ ಸ್ವಾಗತ: ಶತ್ರುದೇಶದವನೆಂದು ಬಂಧನ.

ಸಮುದ್ರಕ್ಕೆ ಹೋಗುವವರು ಎರಡು ತುಂಡಿನ ಇನ್ನೊಂದು ಹುಟ್ಟನ್ನು ದೋಣಿಯ ಮೇಲೆ ಕಟ್ಟಿಕೊಂಡಿರುತ್ತಾರೆ. ಹುಟ್ಟು ಕೈಬಿಟ್ಟ ಕಯಾಕ್ ಬರೀ ತೇಲುವ ಬಾಳೆದಿಂಡು.

ಉಪ್ಪುನೀರಿಂದ ಬಂದ ದಿನವೇ ಹುಟ್ಟಿನ ನಡುವಿನ ಕೀಲು ಬಿಚ್ಚಿ ಸಿಹಿನೀರಲ್ಲಿ ತೊಳೆದು, ಬೇರೆ ಬೇರೆಯಾಗಿ ಒಣಗಲು ಇಡಿ. ಎಣ್ಣೆ ಹಚ್ಚಬೇಡಿ, ಮರಳು ಮೆತ್ತಿಕೊಳ್ಳುತ್ತದೆ. ನನ್ನ ಮೊದಲ ಸ್ವಂತ ಹುಟ್ಟನ್ನು ತೊಳೆಯದೆ ಒಂದು ವಾರ ಬಿಟ್ಟಿದ್ದೆ. ಕೀಲು ಕಚ್ಚಿಕೊಂಡಿತು, ನಾನು ಒಂದು ಕಡೆ ತಮ್ಮ ಒಂದು ಕಡೆ ತಿರುಚಿದರೂ ಬಿಡಲಿಲ್ಲ. ಕೊನೆಗೆ 230 ಸೆಂ.ಮೀ. ಕೋಲನ್ನು ಇಡಿಯಾಗಿ ಆಟೋದಲ್ಲಿ ಅಡ್ಡ ಇಟ್ಟು, ಎರಡೂ ಕಡೆ ಅಲಗು ಹೊರಗೆ ಚಾಚಿಕೊಂಡು, ರಿಪೇರಿಗೆ ಒಯ್ದೆ. ಆಟೋದವರು ಕನ್ನಡಿಯಲ್ಲಿ ಎರಡು ಸಲ ನೋಡಿ ಕೇಳಿದರು: “ಇಷ್ಟುದ್ದದ ಸೌಟು! ಯಾವ ಛತ್ರಕ್ಕೆ ಸ್ವಾಮಿ?”