ಹಂದರದಲ್ಲಿ ಹೆಜ್ಜೆ

ಹುಬ್ಬಳ್ಳಿಗೆ ಸಮೀಪದ ಸುಳ್ಳ ಗ್ರಾಮದ ಗೃಹಸ್ಥರೊಬ್ಬರು ತಮ್ಮ ಮಗಳ ಲಗ್ನದ ಬಗೆಗೆ ನಮ್ಮ ಅಭಿಪ್ರಾಯವನ್ನು ಕೇಳಿರುವರು. ಕನ್ಯೆಯು ನೃತ್ಯದಲ್ಲಿ ಅಭಿರುಚಿಯುಳ್ಳವಳು. ತನ್ನ ಮದುವೆಯಲ್ಲಿ ಅದರ ಛಾಯೆಯಾದರೂ ಇರಬೇಕೆನ್ನುವಳು. ವರನಿಗೂ ಇದು ಸಮ್ಮತವೇ. ಆದರೆ "ನಮ್ಮ ಮನೆತನದ ಹೆಣ್ಣುಮಕ್ಕಳು ಹಂದರದಲ್ಲಿ ಕುಣಿಯುವದೇ?" ಎಂದು ಅಜ್ಜನವರು ಮುನಿಸಿಕೊಂಡು ಊಟದ ಪಂಕ್ತಿಗೆ ಬರುವದನ್ನೇ ಬಿಟ್ಟಿರುವರಂತೆ.

ಇದನ್ನು ಮುದುಕರ ಹಟವೆಂದು ತಳ್ಳಿಬಿಡುವದು ಸರಿಯಲ್ಲ. ಹಿಂದೆ ಸಿರಿವಂತರ ಲಗ್ನಗಳಲ್ಲಿ ಹಣ ಕೊಟ್ಟು ನರ್ತಕಿಯರನ್ನು ಕರೆಸುವ ರೂಢಿಯಿದ್ದಿತು. ಅವರಲ್ಲಿ ಅನೇಕರು ಎಳವೆಯಲ್ಲಿಯೇ ದೇವರ ಹೆಸರಿನಿಂದ ಬಿಡಲ್ಪಟ್ಟವರು. ಈ ಪ್ರಾಂತವು ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿ ಆ ಪದ್ಧತಿಯ ವಿರುದ್ಧ ಕಾಯದೆಯಾಯಿತು. ಮುಂದೆ ಕರ್ನಾಟಕ ರಾಜ್ಯದಲ್ಲಿ 1982ರ ಕಾಯದೆಯು ಬಂದಿತು. ಕುಣಿತವೆಂದರೆ ಮನೆತನಕ್ಕೆ ಕುಂದೆಂಬ ಅಂಜಿಕೆಗೆ ಈ ರೂಢಿಯೂ ಒಂದು ಕಾರಣವು. ಆದರೆ ಕುಂದು ಕುಣಿದವಳದಲ್ಲ, ಲೋಡಿಗೆ ಒರಗಿ ಕಾಸು ಎಸೆದವರದು. ಈ ವಿಷಯದಲ್ಲಿ ನಮಗೆ ಸಂಶಯವಿಲ್ಲ.

ಇನ್ನು ಹೆಜ್ಜೆಯನ್ನು ಹೊರಗಿನಿಂದ ತರುವ ಕಾರಣವೇ ಇಲ್ಲ. ನಮ್ಮ ಸುರಗಿಯನ್ನೇ ನೋಡಿರಿ. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ನಡುವೆ ವಧೂವರರನ್ನು ಕೂಡ್ರಿಸಿ, ಅರಿಶಿಣ ಹಚ್ಚಿ ನೀರೆರೆಯುವರು. ನೂಲು ಹಿಡಿದು ಸುತ್ತುವ ಮುತ್ತೈದೆಯರ ಕಾಲು ಸೋಬಾನದ ಲಯಕ್ಕೆ ತಾನಾಗಿಯೇ ಬೀಳುವದು. ಅದೇ ನೂಲಿನ ಎಳೆಯನ್ನು ಹಿಡಿದು ಸಂಜೆಗೆ ಜಡೆ ಕೋಲಾಟವನ್ನಿಟ್ಟುಕೊಳ್ಳಬಹುದೆಂದು ನಾವು ಸೂಚಿಸಿದೆವು. ಮೇಲಿನಿಂದ ಅರಿಶಿಣ-ಕುಂಕುಮ ಬಣ್ಣದ ಎಂಟು ನೂಲಿನ ಹಗ್ಗಗಳನ್ನು ಇಳಿಬಿಡಬೇಕು. ನಾಲ್ವರು ಕನ್ಯೆಯ ಕಡೆಯ ಹುಡುಗಿಯರು, ನಾಲ್ವರು ವರನ ಕಡೆಯವರು. ಒಬ್ಬೊಬ್ಬರ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಎದುರುಬದುರಾಗಿ ಹಾಯುತ್ತ ಹೋದಂತೆ ಮೇಲೆ ಜಡೆ ಹೆಣೆಯುತ್ತ ಬರುವದು. ಹೆಣೆಯುವದು ಸುಲಭ, ಅದೇ ಹೆಜ್ಜೆಗಳನ್ನು ತಿರುವಿ ಹಾಕಿ ಬಿಚ್ಚುವದೇ ಕಠಿಣ. ಒಬ್ಬಳು ತಪ್ಪಿದರೆ ಗಂಟು ಬಿದ್ದು ಎಂಟೂ ಜನರು ನಿಲ್ಲಬೇಕಾಗುವದು! ಆದುದರಿಂದ ಒಂದು ತಿಂಗಳ ಅಭ್ಯಾಸ ಬೇಕೇ ಬೇಕು. ಈ ನೆವದಿಂದ ಬೀಗರ ಮನೆಯ ಹುಡುಗಿಯರು ಲಗ್ನಕ್ಕೆ ಮೊದಲೇ ನಾಲ್ಕು ಸಲ ಬಂದು ಉಂಡು ಹೋಗುವರು. ಅದೇನು ಕಡಿಮೆ ಲಾಭವೇ?

ಉಡುಗೆಗೆ ಇಳಕಲ್ಲ ಸೀರೆ ಸಾಕು. ವಾದ್ಯಕ್ಕೆ ಕರಡಿ ಮಜಲಿನವರ ಸನಾದಿ, ತಾಳ. ಎದೆ ನಡುಗಿಸುವ ಡೀಜೆಯ ಪೆಟ್ಟಿಗೆಗಳು ಬಂದರೆ ಸೋಬಾನ ಹಾಡುವ ಅಜ್ಜಿಯರ ಧ್ವನಿಯು ಅವರಿಗೇ ಕೇಳಿಸದು. ಒಂದು ಸಂಜೆಯ ಬೆಳಕಿನ ವೇದಿಕೆಗಾಗಿ ಎರೆಯ ಹೊಲವನ್ನು ಒತ್ತೆಯಿಟ್ಟವರನ್ನು ನಾವು ಕಂಡಿದ್ದೇವೆ. ಕೋಲು, ನೂಲು, ಕಲಿಸಿದವರಿಗೆ ಉಡುಗೊರೆ, ಇಷ್ಟಕ್ಕೆ ಹೊಲದ ಮಾತು ಬಾರದು.

ಜಡೆ ಬಿಚ್ಚಿದ ಮೇಲೆ ವಧೂವರರು ಒಡಪು ಕಟ್ಟಿ ಒಬ್ಬರ ಹೆಸರನ್ನೊಬ್ಬರು ಹೇಳಲಿ. ಗಂಡನ ಹೆಸರೆತ್ತಬಾರದೆಂಬ ಕಾಲದಲ್ಲಿಯೂ ನಮ್ಮ ಹಿರಿಯರು ಇದೊಂದು ಸಲುಗೆಯನ್ನು ಇಟ್ಟಿದ್ದರು. ಆದರೆ ಒಡಪು ಸ್ವಂತದ್ದಾಗಿರಬೇಕು, ವರನಿಗೂ ಬಿಡುಗಡೆಯಿಲ್ಲ.

ಇದನ್ನೆಲ್ಲ ಬರೆದು ಕಳಿಸಿ ಎಂಟು ದಿನಗಳಾದವು. ಅಜ್ಜನವರು ಪಂಕ್ತಿಗೆ ಬಂದು ಕುಳಿತಿರುವರಂತೆ. ಒಪ್ಪಿಗೆ ಮಾತ್ರ ಇನ್ನೂ ಬಂದಿಲ್ಲ. ಹುಡುಗಿಯರು ನೂಲಿಗೆ ಬಣ್ಣ ಹಾಕಿಸಲು ಹುಬ್ಬಳ್ಳಿಗೆ ಹೋಗಿ ಬಂದಿರುವರು.